ಹನ್ನೊಂದು ಮೊಟ್ಟೆಗೆ ಯಥಾಸ್ಥಿತಿ ಆದೇಶ

ನಮ್ಮ ಶಾಲೆಯ ವಿಜ್ಞಾನದ ಕೋಣೆಯನ್ನು ಬಂಧನದಲ್ಲಿಟ್ಟು, ಅದರ ಬೀಗಕ್ಕೆ ನನ್ನನ್ನೇ ಕಾವಲು ಹಾಕಿಸಿದ ಮಾನ್ಯ ಶಿಕ್ಷಣಾಧಿಕಾರಿಗಳೇ,

ಸುತ್ತಿ ಬಳಸಿ ಹೇಳುವಷ್ಟು ಸಮಯವಿಲ್ಲ. ಆ ಕೋಣೆಯೊಳಗೆ ಹನ್ನೊಂದು ಕೋಳಿಮೊಟ್ಟೆಗಳಿವೆ. ಶುಕ್ರವಾರ ಅವು ಒಡೆದು ಮರಿಯಾಗಬೇಕಾದ ದಿನ. ಬಾಗಿಲ ಮೇಲೆ ತಮ್ಮ ಕಚೇರಿಯ ಕಾಗದ ಅಂಟಿಕೊಂಡಿದೆ: ‘ಪರಿಶೀಲನೆ ಮುಗಿಯುವವರೆಗೆ ಕೊಠಡಿಯನ್ನು ಯಥಾಸ್ಥಿತಿಯಲ್ಲಿ ಕಾಯ್ದುಕೊಳ್ಳತಕ್ಕದ್ದು.’ ನಾವೆಲ್ಲರೂ ಅದನ್ನು ಓದಿದ್ದೇವೆ. ಮೊಟ್ಟೆಗಳು ಓದಿಲ್ಲ. ಓದಿದ್ದರೂ ಪಾಲಿಸುತ್ತಿದ್ದವು ಎಂಬ ಭರವಸೆ ನನಗಿಲ್ಲ, ಏಕೆಂದರೆ ಮೊಟ್ಟೆಯೆಂಬ ವಸ್ತುವಿಗೆ ಯಥಾಸ್ಥಿತಿ ಎಂಬುದೇ ಇಲ್ಲ. ಅದು ಮರಿಯಾಗಬೇಕು, ಇಲ್ಲವೇ ಕೊಳೆಯಬೇಕು. ಮೂರನೆಯ ದಾರಿಯೊಂದನ್ನು ತಮ್ಮ ಇಲಾಖೆ ಕಂಡುಹಿಡಿದಿದ್ದರೆ ಅದನ್ನೂ ಒಂದು ಸುತ್ತೋಲೆಯಲ್ಲಿ ತಿಳಿಸಬೇಕಾಗಿ ವಿನಂತಿ.

ಇದನ್ನು ಪತ್ರಿಕೆಯಲ್ಲಿ ಯಾಕೆ ಬರೆಯುತ್ತೀರಿ, ನೇರವಾಗಿ ಬಂದು ಹೇಳಬಾರದಿತ್ತೇ ಎಂದು ತಾವು ಕೇಳಬಹುದು. ಬಂದಿದ್ದೆ. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ, ಮಳೆಯಲ್ಲಿ ಅರ್ಧ ನೆನೆದು, ತಮ್ಮ ಕಚೇರಿಯ ಜಗಲಿಯಲ್ಲಿ ಆ ಅರ್ಧ ಒಣಗುವ ತನಕ ಕಾದಿದ್ದೆ. ‘ಸಾಹೇಬ್ರು ಮೀಟಿಂಗಲ್ಲಿದ್ದಾರೆ’ ಎಂದರು. ಎಂತ ಮೀಟಿಂಗು ಎಂದು ವಿಚಾರಿಸಿದೆ. ‘ಕೈಯಾರೆ ವಿಜ್ಞಾನ’ ಅಭಿಯಾನದ ಪ್ರಗತಿ ಪರಿಶೀಲನೆಯಂತೆ. ವಿಜ್ಞಾನ ಅಷ್ಟೊಂದು ಪ್ರಗತಿಯಲ್ಲಿರುವಾಗ ಅಡ್ಡಿ ಮಾಡುವುದು ಸರಿಯಲ್ಲವೆಂದು ಎದ್ದು ಬಂದೆ. ಮತ್ತೊಮ್ಮೆ ಹೋದಾಗಲೂ ಅದೇ ಮೀಟಿಂಗು ಇತ್ತು. ತಾವು ಆ ಕೋಣೆಯೊಳಗೆ, ನಾನು ಹೊರಗೆ. ನಮ್ಮ ಮೊಟ್ಟೆಗಳ ಪರಿಸ್ಥಿತಿ ನನಗೆ ಅಲ್ಲೇ ಚೆನ್ನಾಗಿ ಅರ್ಥವಾದದ್ದು.

ನನ್ನ ಪರಿಚಯ ಹೇಳಿಬಿಡುತ್ತೇನೆ. ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳು ಒಂದನ್ನೊಂದು ಮೊಣಕೈಯಿಂದ ತಿವಿಯುವ ಮೂಲೆಯಲ್ಲಿ ನಮ್ಮದೊಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ ಇದೆ. ಅದರ ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಸಮಿತಿಯ, ಅಧ್ಯಕ್ಷ ನಾನು. ಆಯ್ಕೆಯ ಸಭೆ ನಡೆಯುತ್ತಿದ್ದಾಗ ಫೋನು ಬಂತೆಂದು ಹೊರಗೆ ಹೋದವನು, ಒಳಗೆ ಬರುವಾಗ ಅಧ್ಯಕ್ಷನಾಗಿದ್ದೆ. ಈ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ನಗೆಬರಹ ಬರೆಯುವುದು ನನ್ನ ಎರಡನೆಯ ಅಪರಾಧ. ಮೂರನೆಯದು, ನಾನು ಯಶಸ್ವಿ ಎಂಬ ನಾಲ್ಕನೆಯ ತರಗತಿಯ ಹುಡುಗಿಯ ಅಪ್ಪ. ಈ ಪ್ರಕರಣದ ಮೊದಲ ಆರೋಪಿ ಅವಳೇ. ಹೀಗೆ ಜೈಲಿನ ಕಾವಲುಗಾರ, ಕೈದಿಯ ವಕೀಲ, ಕಳ್ಳಿಯ ತಂದೆ, ಮೂರೂ ಒಬ್ಬನೇ ಆಗಿ ಬಾಗಿಲ ಮುಂದೆ ಕುರ್ಚಿ ಹಾಕಿ ಕುಳಿತಿದ್ದೇನೆ. ಎದ್ದರೆ ಕರ್ತವ್ಯಲೋಪ, ಕುಳಿತರೆ ಪಾಪ.

ಕೋಣೆಯ ಕತೆಗೆ ಬರೋಣ. ಎರಡು ವರ್ಷಗಳ ಕೆಳಗೆ ಅದನ್ನು ಕಟ್ಟಿಸಿಕೊಟ್ಟದ್ದು ತಮ್ಮ ಇಲಾಖೆಯೇ. ಕೃತಜ್ಞತೆ ಇದೆ. ನಮ್ಮ ಹಳೆಯ ಕಟ್ಟಡಕ್ಕೆ ಹಂಚಿನ ಮಾಡು. ಇದಕ್ಕೆ ಕಾಂಕ್ರೀಟಿನ ತಾರಸಿ, ಕಬ್ಬಿಣದ ಬಾಗಿಲು, ಕಿಟಿಕಿಗೆ ಹೆಬ್ಬೆರಳು ದಪ್ಪದ ಸರಳು. ವಿಜ್ಞಾನ ಎಲ್ಲಾದರೂ ಓಡಿಹೋದೀತೆಂಬ ಭಯ ಎಂಜಿನಿಯರರಿಗೆ ಇದ್ದಿರಬೇಕು. ಬಾಗಿಲ ಮೇಲೆ ‘ಪ್ರಯೋಗಾಲಯ: ಆರು ಮತ್ತು ಏಳನೆಯ ತರಗತಿಗಳಿಗೆ ಮಾತ್ರ’ ಎಂದು ಬೋರ್ಡು. ಒಳಗೆ ಗಾಜಿನ ಕಪಾಟು, ಕಪಾಟಿಗೆ ‘ಮುಟ್ಟಬಾರದು’ ಎಂಬ ಚೀಟಿ. ಮೊದಲ ವರ್ಷವಿಡೀ ಆರು ಮತ್ತು ಏಳರ ಮಕ್ಕಳು ವಾರಕ್ಕೊಮ್ಮೆ ಸಾಲಾಗಿ ಹೋಗಿ, ಕೈ ಹಿಂದೆ ಕಟ್ಟಿ, ಪ್ರನಾಳಗಳ ದರ್ಶನ ಪಡೆದು ಬರುತ್ತಿದ್ದರು. ತೀರ್ಥಪ್ರಸಾದ ಒಂದು ಇರಲಿಲ್ಲ.

ಆಮೇಲೆ ತಮ್ಮದೇ ಸುತ್ತೋಲೆ ಬಂತು. ‘ಎಲ್ಲಾ ವಯೋಮಾನದ ಮಕ್ಕಳೂ ಸ್ವತಃ ಕೈಯಿಂದ ಮಾಡಿ ವಿಜ್ಞಾನವನ್ನು ಕಲಿಯತಕ್ಕದ್ದು.’ ಸುತ್ತೋಲೆಗಳನ್ನು ಓದಿ ಫೈಲಿಗೆ ಹಾಕುವ ಸಂಪ್ರದಾಯವೊಂದು ನಮ್ಮಲ್ಲಿದೆ. ಆದರೆ ಭವಿತಾ ಟೀಚರಿಗೆ ಅದು ಗೊತ್ತಿರಲಿಲ್ಲ. ಅವರು ಅತಿಥಿ ಶಿಕ್ಷಕಿ, ಸೇರಿದ್ದು ಹೊಸತು. ಅತಿಥಿ ಎಂದರೆ ಯಾರು ಎಂದು ಪೇಟೆಯ ಓದುಗರು ಕೇಳಿದರೆ ಹೇಳುತ್ತೇನೆ: ಎಲ್ಲ ಕೆಲಸ ಮಾಡಿ, ಯಾವಾಗ ‘ಹೋಗಿಬನ್ನಿ’ ಎನ್ನುತ್ತಾರೋ ಎಂದು ಬಾಗಿಲ ಕಡೆ ಕಣ್ಣಿಟ್ಟು ಕೂತವರು. ಮುಖ್ಯೋಪಾಧ್ಯಾಯರ ಕುರ್ಚಿ ನಮ್ಮಲ್ಲಿ ಖಾಲಿ. ಬೇರೆ ಶಾಲೆಯವರೊಬ್ಬರು ಪ್ರಭಾರದಲ್ಲಿದ್ದು ವಾರಕ್ಕೊಮ್ಮೆ ಬಂದು ಸಹಿ ಹಾಕುತ್ತಾರೆ. ಹಾಗಾಗಿ ಟೀಚರನ್ನು ತಡೆಯುವವರು ಯಾರೂ ಇರಲಿಲ್ಲ. ಅವರು ಸುತ್ತೋಲೆಯನ್ನು ನಿಜವೆಂದು ನಂಬಿಬಿಟ್ಟರು. ಈಗ ನಡೆಯುತ್ತಿರುವುದೆಲ್ಲ ಆ ನಂಬಿಕೆಯ ಫಲ.

ಅವರು ಮಾಡಿದ್ದಿಷ್ಟು. ಒಂದು ಥರ್ಮೋಕೋಲಿನ ಪೆಟ್ಟಿಗೆ, ಒಂದು ಬಲ್ಬು, ಒಂದು ಬಟ್ಟಲು ನೀರು, ಒಂದು ತಾಪಮಾಪಕ. ಬಿಸಿಯೂಟದ ಅಡುಗೆಯ ಪಾತುಮ್ಮ ತನ್ನ ಮನೆಯ ಹೇಂಟೆಗಳ ಹನ್ನೊಂದು ಮೊಟ್ಟೆ ತಂದುಕೊಟ್ಟರು. ಒಂದನೆಯ ತರಗತಿಯವರಿಂದ ಏಳನೆಯವರ ತನಕ ಎಲ್ಲರೂ ಒಂದೇ ಮೇಜಿನ ಸುತ್ತ. ಸಣ್ಣವರು ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಲ್ಲಿ ಗುಣಿಸುವ ಚಿಹ್ನೆ, ಇನ್ನೊಂದು ಬದಿಗೆ ಸೊನ್ನೆ ಬರೆದರು. ದಿನವೂ ಎಲ್ಲವನ್ನೂ ಮಗುಚಿದೆವೋ ಇಲ್ಲವೋ ಎಂದು ನೋಡುವುದು ಅವರ ಜವಾಬ್ದಾರಿ. ನಾಲ್ಕು ಐದರವರು ತಾಪಮಾನ ಓದುವುದು. ಆರು ಏಳರವರು ಕತ್ತಲು ಮಾಡಿ, ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದು, ಒಳಗಿನ ಕೆಂಪು ನರಗಳ ಚಿತ್ರ ಬರೆಯುವುದು. ಒಂದು ವಾರದಲ್ಲಿ ಮೊಟ್ಟೆಯೊಳಗೆ ಕಡಲೆಕಾಳಿನಷ್ಟು ಏನೋ ಮಿಸುಕಿತು. ಅದನ್ನು ನೋಡಿದ ದಿನ ನನ್ನ ಮಗಳು ಮನೆಗೆ ಬಂದು ಕಾಫಿ ಕುಡಿಯಲಿಲ್ಲ, ಬ್ಯಾಗು ಇಳಿಸಲಿಲ್ಲ. ‘ಅಪ್ಪ, ಹೃದಯ ಉಂಟು ಅದಕ್ಕೆ. ಹೊಡ್ಕೊಳ್ತಾ ಉಂಟು’ ಎಂದಳು. ಪುಸ್ತಕದಲ್ಲಿ ಹೃದಯದ ಚಿತ್ರಕ್ಕೆ ಬಣ್ಣ ಹಚ್ಚುವಾಗ ಅವಳು ಯಾವತ್ತೂ ಬ್ಯಾಗು ಇಳಿಸಲು ಮರೆತವಳಲ್ಲ.

ಇನ್ನು ಅಪರಾಧ. ತಾವು ಅಡಿಕೆಯ ನಾಡಿನಲ್ಲಿ ಅಧಿಕಾರ ನಡೆಸುತ್ತಿರುವುದರಿಂದ ಒಂದು ಸಂಗತಿ ತಿಳಿದಿರಬೇಕು. ಮಳೆಗಾಲದಲ್ಲಿ ಕೆದಂಬಾಡಿಯಿಂದ ಇಚಿಲಂಪಾಡಿಯ ತನಕ ಯಾವ ತೋಟಕ್ಕೆ ಹೋದರೂ ಮಳೆ ಬಿಟ್ಟ ಹೊತ್ತಿನಲ್ಲಿ ಅಡಿಕೆಗೆ ಮದ್ದು ಬಿಡುತ್ತಾರೆ. ಮೈಲುತುತ್ತು ಎಂಬ ತಾಮ್ರದ ಉಪ್ಪು ಮತ್ತು ಸುಣ್ಣ ಬೆರೆಸಿದ ನೀಲಿ ನೀರು ಅದು. ಬೆರಕೆ ಸರಿಯಾಯಿತೋ ಎಂದು ನೋಡುವುದಕ್ಕೆ ಕತ್ತಿಯ ತುದಿಯನ್ನು ಅದಕ್ಕೆ ಅದ್ದುತ್ತಾರೆ. ಕಬ್ಬಿಣ ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ನಮ್ಮ ಮಕ್ಕಳು ಅ ಆ ಇ ಈ ಕಲಿಯುವ ಮೊದಲು ಇದನ್ನು ಕಲಿತಿರುತ್ತಾರೆ. ನೀಲಿ ನೀರು ಕಂಡರೆ ಕಬ್ಬಿಣ ಅದ್ದುವುದು ಅವರಿಗೆ ದೇವರ ಫೋಟೋ ಕಂಡರೆ ಕೈ ಮುಗಿಯುವಷ್ಟೇ ಸಹಜ.

ಆ ಶನಿವಾರ ಏಳನೆಯವರಿಗೆ ಪಾಠ ಇದ್ದದ್ದು ಅದೇ: ಮೈಲುತುತ್ತಿನ ದ್ರಾವಣದಲ್ಲಿ ಕಬ್ಬಿಣದ ಮೊಳೆ. ಸುಣ್ಣ ಇಲ್ಲದ, ಗಟ್ಟಿ ನೀಲಿ ನೀರು. ಆ ವಾರ ನಮ್ಮ ಶಾಲಾ ಮಂತ್ರಿಮಂಡಲದಲ್ಲಿ ಬೀಗದ ಖಾತೆ ಯಶಸ್ವಿಯದು. ಮೊಳೆ ಕೆಂಪಾದದ್ದನ್ನು ನೋಡಿದ ಮಂತ್ರಿಗಳು ಇನ್ನೂ ದೊಡ್ಡ ಕಬ್ಬಿಣಕ್ಕಾಗಿ ಸುತ್ತ ನೋಡಿದರು. ಕೈಯಲ್ಲೇ ಇತ್ತು, ಬೀಗದ ಕೈ. ಅದ್ದಿದರು. ಅಷ್ಟರಲ್ಲಿ ಬೆಲ್ಲು ಹೊಡೆಯಿತು. ನಮ್ಮ ಬೀಗ ಒತ್ತಿದರೆ ಸಾಕು ಕಚಕ್ಕನೆ ಬೀಳುವ ಜಾತಿಯದು. ಬಾಗಿಲು ಎಳೆದು, ಬೀಗ ಒತ್ತಿ, ಎಲ್ಲರೂ ಮನೆಗೆ. ಬೀಗದ ಕೈ ಒಳಗೆ, ಮೇಜಿನ ಮೇಲೆ, ಗಾಜಿನ ಲೋಟದಲ್ಲಿ, ನೀಲಿ ನೀರಿನಲ್ಲಿ ಎರಡು ದಿನ ಸ್ನಾನ ಮಾಡುತ್ತಾ ಇತ್ತು.

ಸೋಮವಾರ ಅದನ್ನು ತೆಗೆದದ್ದು ದೋಟಿಯಿಂದ. ಅಡಿಕೆ ಕೊಯ್ಯುವ ಉದ್ದದ ಕೋಲು, ಮನೆಮನೆಯಲ್ಲೂ ಉಂಟು. ಕತ್ತಿ ಬಿಚ್ಚಿ ತಂತಿಯ ಕೊಕ್ಕೆ ಕಟ್ಟಿ, ಕಿಟಿಕಿಯ ಸರಳಿನ ಎಡೆಯಿಂದ ತೂರಿಸಿ, ಅರ್ಧ ಗಂಟೆ ಗಾಳ ಹಾಕಿದೆವು. ಬಂತು. ತಾಮ್ರದ ಬಣ್ಣ, ಒಡವೆಯ ಹಾಗೆ ಹೊಳೆಯುತ್ತಿತ್ತು. ‘ಚಂದ ಆಗಿದೆ ಅಲ್ವಾ ಟೀಚರ್?’ ಎಂದಳು ನನ್ನ ಮಗಳು. ಚಂದವೇನೋ ಆಗಿತ್ತು, ಹಲ್ಲುಗಳು ಮಾತ್ರ ಅರ್ಧ ಕರಗಿದ್ದವು. ಬೀಗಕ್ಕೆ ಹಾಕಿ ತಿರುಗಿಸಿದ್ದು ಅಧ್ಯಕ್ಷನೆಂಬ ನಾನು. ಪಟ್ ಎಂದಿತು. ಅರ್ಧ ನನ್ನ ಕೈಯಲ್ಲಿ, ಅರ್ಧ ಬೀಗದ ಹೊಟ್ಟೆಯಲ್ಲಿ.

ಮಾನ್ಯರೇ, ಇಲ್ಲಿಯ ತನಕ ನಡೆದದ್ದೆಲ್ಲ ಮನುಷ್ಯರ ಕೆಲಸ. ಇನ್ನು ಮುಂದಿನದು ಕಚೇರಿಯ ಕೆಲಸ. ಭವಿತಾ ಟೀಚರು ಆಗಲೇ ಬೀಗ ಒಡೆಸಿ ಹೊಸ ಬೀಗ ಹಾಕಿಸಬಹುದಿತ್ತು. ನಾನೂ ಅದನ್ನೇ ಹೇಳಿದೆ. ‘ಬೇಡ ಸರ್, ಸರಕಾರಿ ಬೀಗ, ಆಫೀಸಿಗೆ ಒಂದು ಮಾತು ತಿಳಿಸುವ’ ಎಂದರು. ಪ್ರಾಮಾಣಿಕರಿಗೆ ಇಂಥ ಯೋಚನೆಗಳು ಬರುತ್ತವೆ. ತಿಳಿಸಿದರು. ಮರುದಿನವೇ ತಮ್ಮ ಕಚೇರಿಯಿಂದ ಒಬ್ಬ ಮಹನೀಯರು ಬಂದರು. ಇಷ್ಟು ಬೇಗ ಯಾರಾದರೂ ನಮ್ಮ ಶಾಲೆಗೆ ಬಂದದ್ದು ಅದೇ ಮೊದಲು. ಮಾಡು ಸೋರುತ್ತದೆ ಎಂದು ಬರೆದದ್ದಕ್ಕೆ ಇನ್ನೂ ಯಾರೂ ಬಂದಿಲ್ಲ.

ಬಂದವರು ಕಿಟಿಕಿಯಿಂದ ಇಣುಕಿದರು. ಪಕ್ಕದಲ್ಲಿ ಯಶಸ್ವಿ ನಿಂತಿದ್ದಳು.

‘ಆ ಪೆಟ್ಟಿಗೆಯಲ್ಲಿ ಎಂತ ಉಂಟು?’

‘ಮೊಟ್ಟೆ ಸರ್. ಹನ್ನೊಂದು ಪಾತುಮ್ಮಕ್ಕನ ಕೋಳಿದು. ಒಂದು ಬಿಸಿಯೂಟದ್ದು.’

‘ಬಿಸಿಯೂಟದ ಮೊಟ್ಟೆ ತಿನ್ಲಿಕ್ಕೆ ಕೊಡುದಲ್ವಾ? ಅದನ್ನು ಯಾಕೆ ಇಟ್ಟದ್ದು?’

‘ಏಳನೆಯ ಲತೀಶಣ್ಣನ ಪಾಲಿದು ಸರ್. ಬೇಯಿಸುವ ಮೊದಲೇ ಕೇಳಿ ತಕೊಂಡದ್ದು. ಅವರು ಆ ದಿನ ಬಾಳೆಹಣ್ಣು ತಿಂದಿದ್ದಾರೆ. ಅಂಗಡಿ ಮೊಟ್ಟೆ ಮರಿ ಆಗ್ತದಾ ಅಂತ ನೋಡ್ಲಿಕ್ಕೆ.’

‘ಆಗುದಿಲ್ಲ ಅಂತ ಎಲ್ರಿಗೂ ಗೊತ್ತುಂಟಲ್ಲ. ಮತ್ತೆ ಇಟ್ಟದ್ದು ಯಾಕೆ?’

‘ನಮಗೆ ಗೊತ್ತಿರ್ಲಿಲ್ಲ ಸರ್. ಹಾಗಾಗಿ ಇಟ್ಟದ್ದು.’

ವಿಜ್ಞಾನದ ಇಡೀ ಇತಿಹಾಸ ಆ ಒಂದು ಉತ್ತರದಲ್ಲಿ ಇದೆ ಎಂದು ನಾನು ತಂದೆಯ ಅಭಿಮಾನದಿಂದ ಎದೆ ಉಬ್ಬಿಸಿದೆ. ಮಹನೀಯರು ಅದನ್ನು ‘ತಪ್ಪೊಪ್ಪಿಗೆ’ ಎಂದು ಬರೆದುಕೊಂಡರು. ಮುಚ್ಚಿದ ಕೋಣೆಯಲ್ಲಿ ಬಲ್ಬು ಉರಿಯುವುದು ಅಪಾಯ, ಮೈನ್ ಸ್ವಿಚ್ಚು ತೆಗೆಯಿರಿ ಎಂದೂ ಹೇಳಿದರು. ಅಷ್ಟರಲ್ಲಿ ಪಾತುಮ್ಮ ಅಡುಗೆಕೋಣೆಯಿಂದ ಸೌಟು ಸಮೇತ ಬಂದು ಸ್ವಿಚ್ಚಿನ ಮುಂದೆ ನಿಂತರು. ‘ನನ್ನ ಹೇಂಟೆ ಕಾವಿಗೆ ಕೂತರೆ ಊಟಕ್ಕೆ ಎದ್ದು ಹೋಗ್ಲಿಕ್ಕೂ ಯೋಚನೆ ಮಾಡ್ತದೆ. ನೀವು ಸ್ವಿಚ್ಚು ತೆಗಿಲಿಕ್ಕೆ ಹೇಳ್ತೀರಲ್ಲ ಮಾರಾಯ್ರೆ. ತೆಗೀರಿ ನೋಡುವ.’ ಮಹನೀಯರು ತೆಗೆಯಲಿಲ್ಲ. ಸೌಟಿಗೆ ಇರುವ ಕಾನೂನುಬಲವನ್ನು ನಾನು ಅಂದು ಕಂಡೆ.

ಆದರೆ ಹೋಗುವ ಮೊದಲು ಆ ಕಾಗದ ಅಂಟಿಸಿದರು. ಯಥಾಸ್ಥಿತಿಯ ಕೆಳಗೆ ಇನ್ನೊಂದು ಸಾಲಿದೆ: ‘ಬೀಗಕ್ಕೆ ಯಾವುದೇ ಹಾನಿಯಾದಲ್ಲಿ ಸಂಬಂಧಪಟ್ಟ ಅತಿಥಿ ಶಿಕ್ಷಕಿಯನ್ನು ನೇರ ಹೊಣೆ ಮಾಡಿ, ಸೇವೆಯಿಂದ ಬಿಡುಗಡೆಗೊಳಿಸಲಾಗುವುದು.’ ಕಾವಲುಗಾರನೆಂದು ನನ್ನ ಸಹಿ ತೆಗೆದುಕೊಂಡರು. ಟೀಚರಿಗೆ ನೋಟೀಸು ಬಂತು. ಆರು ಏಳಕ್ಕೆಂದು ಮಂಜೂರಾದ ಕೋಣೆಗೆ ಒಂದನೆಯ ತರಗತಿಯವರನ್ನು ಬಿಟ್ಟದ್ದೇಕೆ? ಸರಕಾರಿ ಬೀಗದ ಕೈಯನ್ನು ರಾಸಾಯನಿಕದಲ್ಲಿ ಮುಳುಗಿಸಿದ್ದೇಕೆ? ಪೌಷ್ಟಿಕ ಆಹಾರದ ಮೊಟ್ಟೆಯನ್ನು ಪ್ರಯೋಗಕ್ಕೆ ಬಳಸಿದ್ದೇಕೆ? ಮೊದಲನೆಯದಕ್ಕೆ ತಮ್ಮದೇ ಸುತ್ತೋಲೆ ಉತ್ತರ. ಆದರೆ ಸುತ್ತೋಲೆಯನ್ನು ಅನುಸರಿಸಿದರೆ ಬೋರ್ಡಿನ ಉಲ್ಲಂಘನೆ, ಬೋರ್ಡನ್ನು ಅನುಸರಿಸಿದರೆ ಸುತ್ತೋಲೆಯ ಉಲ್ಲಂಘನೆ. ಒಂದೇ ಇಲಾಖೆಯ ಎರಡು ಕೈಗಳ ನಡುವೆ ಚಪ್ಪಾಳೆಯಲ್ಲಿ ಸಿಕ್ಕಿದ ಸೊಳ್ಳೆಯಂತಾಗಿದ್ದಾರೆ ನಮ್ಮ ಟೀಚರು. ಆರು ವರ್ಷದ ಮಗುವಿಗೆ ವಿಜ್ಞಾನ ಮುಟ್ಟಬಾರದ ವಸ್ತುವಾದರೆ, ಹನ್ನೊಂದು ವರ್ಷ ತುಂಬಿದ ದಿನ ಬೆಳಿಗ್ಗೆ ಕೈಗಳಿಗೆ ಅದೇನು ಹೊಸ ಚರ್ಮ ಬರುತ್ತದೆಯೇ?

ಇದಾದ ಮೇಲೆ ನಡೆದದ್ದನ್ನು ತಮ್ಮ ಪ್ರಗತಿ ಪರಿಶೀಲನೆಯ ಮೀಟಿಂಗಿನಲ್ಲಿ ಹೇಳಿಕೊಳ್ಳಬಹುದು, ಕೀರ್ತಿ ತಮಗೇ ಸೇರತಕ್ಕದ್ದು. ಮೊಟ್ಟೆಗಳನ್ನು ದಿನವೂ ಮಗುಚದಿದ್ದರೆ ಒಳಗಿನ ಮರಿ ಚಿಪ್ಪಿಗೆ ಅಂಟಿ ಸಾಯುತ್ತದೆ. ಬಾಗಿಲು ಮುಟ್ಟುವಂತಿಲ್ಲ. ಮಕ್ಕಳು ಎರಡು ದೋಟಿ ತಂದರು. ಒಂದರ ತುದಿಗೆ ಕೊಕ್ಕೆ, ಪೆಟ್ಟಿಗೆಯ ಮುಚ್ಚಳ ಎತ್ತುವುದಕ್ಕೆ. ಇನ್ನೊಂದರ ತುದಿಗೆ ಬಟ್ಟೆ ಸುತ್ತಿದ ಮರದ ಚಮಚ, ಮೊಟ್ಟೆ ಮಗುಚುವುದಕ್ಕೆ. ದೋಟಿ ಹಿಡಿಯುವವರು ದೊಡ್ಡವರು, ಆದರೆ ಅವರು ನಿಂತ ಕಿಟಿಕಿಯಿಂದ ಪೆಟ್ಟಿಗೆಯ ಒಳಗು ಕಾಣುವುದಿಲ್ಲ. ಕಾಣುವುದು ಪಕ್ಕದ ಸಣ್ಣ ಕಿಟಿಕಿಯಿಂದ, ಅದರಲ್ಲಿ ಹಿಡಿಸುವುದು ಒಂದನೆಯ ಎರಡನೆಯ ತರಗತಿಯ ತಲೆಗಳು ಮಾತ್ರ. ಹಾಗಾಗಿ ಸಣ್ಣವರು ಕಣ್ಣು, ದೊಡ್ಡವರು ಕೈ. ‘ಎಡಕ್ಕೆ, ಇನ್ನೂ ಎಡಕ್ಕೆ, ಅದು ನಿನ್ನ ಎಡ ಅಲ್ಲ, ನನ್ನ ಎಡ’ ಎಂದು ಆರು ವರ್ಷದ ಸಮನ್ವಿತಾ ಆಜ್ಞೆ ಕೊಟ್ಟರೆ ಹದಿಮೂರು ವರ್ಷದ ಲತೀಶ ಹಲ್ಲುಕಚ್ಚಿ ಪಾಲಿಸುತ್ತಾನೆ. ಮೊದಲ ದಿನ ಒಂದು ಸುತ್ತು ಮಗುಚುವುದಕ್ಕೆ ಇಡೀ ಬೆಳಗ್ಗೆ ಹಿಡಿಯಿತು. ಉದ್ದದ ಕೋಲಿನ ತುದಿ ಯಾಕೆ ಅಷ್ಟು ನಡುಗುತ್ತದೆ, ನಡುವೆ ಎಲ್ಲಿ ಆನಿಸಿದರೆ ನಡುಕ ನಿಲ್ಲುತ್ತದೆ ಎಂದು ಕಿಟಿಕಿಯ ಸರಳಿನ ಮೇಲೆ ದೋಟಿಯನ್ನು ಜಾರಿಸಿ ಜಾರಿಸಿ ಅವರೇ ಕಂಡುಕೊಂಡರು. ಸನ್ನೆಕೋಲಿನ ಪಾಠವಂತೆ, ಭವಿತಾ ಟೀಚರು ಹೇಳಿದರು. ನಾವು ಕಲಿಯುವಾಗ ಸನ್ನೆಕೋಲು ಕಪ್ಪುಹಲಗೆಯ ಮೇಲೊಂದು ಗೆರೆಯಾಗಿತ್ತು.

ಬಟ್ಟಲಿನ ನೀರು ಆರಿದಾಗ ಪೈಪೊಂದನ್ನು ದೋಟಿಗೆ ಕಟ್ಟಿ, ಈಚೆ ತುದಿಗೆ ಆಲಿಕೆ ಇಟ್ಟು ನೀರು ಹೊಯ್ದರು. ತಾಪಮಾಪಕವನ್ನು ಓದುವುದಕ್ಕೆ ನನ್ನ ಮೊಬೈಲಿನ ಕ್ಯಾಮರಾ. ಕಳೆದ ವಾರ ಗಾಳಿಗೆ ಮರ ಬಿದ್ದು ಕರೆಂಟು ಹೋದಾಗ ಮಾತ್ರ ನಮ್ಮೆಲ್ಲರ ಜೀವ ಹೋದಂತಾಯಿತು. ಪೆಟ್ಟಿಗೆಯ ಬಿಸಿ ಇಳಿಯುತ್ತಾ ಬಂತು. ಕಾವಲುಗಾರ ಕುರ್ಚಿಯಿಂದ ಎದ್ದು ಬೀಗದ ಮುಂದೆ ನಿಂತ. ಕೈಯಲ್ಲಿ ಕಲ್ಲಿತ್ತು, ಸುಳ್ಳು ಹೇಳುವುದಿಲ್ಲ.

‘ಬೇಡ ಸರ್’ ಎಂದರು ಭವಿತಾ ಟೀಚರು. ಅಷ್ಟೇ. ಅವರ ಮುಖ ನೋಡಿ ಕಲ್ಲು ಕೆಳಗಿಟ್ಟೆ.

ಆಗ ಪಾತುಮ್ಮ ಅಂಗಳದ ಮರಳನ್ನು ಬಾಣಲೆಯಲ್ಲಿ ಹುರಿದರು. ಮಕ್ಕಳು ಕಾಲಿನ ಸಾಕ್ಸು ಬಿಚ್ಚಿ ಮರಳು ತುಂಬಿಸಿ, ಗಂಟು ಹಾಕಿ, ದೋಟಿಯ ಕೊಕ್ಕೆಗೆ ತೂಗಿಸಿ ಒಂದೊಂದಾಗಿ ಪೆಟ್ಟಿಗೆಯೊಳಗೆ ಇಳಿಸಿದರು. ‘ಸಾಕ್ಸು ಒಗೆದದ್ದಾ ಎಂತ?’ ಎಂದು ಪಾತುಮ್ಮ ಕೇಳಿದರು. ‘ಮರಿಗಳು ವಾಸನೆಗೇ ಎದ್ದು ಬರ್ತಾವೆ ಇನ್ನು.’ ಕರೆಂಟು ಬರುವ ತನಕ ಮರಳು ಬದಲಿಸುತ್ತಾ ಬಿಸಿ ಹಿಡಿದಿಟ್ಟರು. ಯಾವುದಕ್ಕೆ ಎಷ್ಟು ಹೊತ್ತು ಬಿಸಿ ನಿಲ್ಲುತ್ತದೆ, ಮರಳಿಗೋ, ನೀರಿಗೋ, ಅಕ್ಕಿಗೋ ಎಂಬ ಜಗಳ ಈಗಲೂ ನಡೆಯುತ್ತಿದೆ. ತಾವು ಕೋಣೆಯೊಳಗೆ ಬೀಗ ಹಾಕಿಟ್ಟ ವಿಜ್ಞಾನ ಹೊರಗೆ ಅಂಗಳದಲ್ಲಿ ಓಡಾಡುತ್ತಿದೆ. ಇದಕ್ಕೂ ನೋಟೀಸು ಕೊಡಬೇಕೆಂದಿದ್ದರೆ ವಿಳಾಸ ಅದೇ.

ಹಾಗಾದರೆ ಮತ್ತೇನು ತೊಂದರೆ, ದೋಟಿ ಇದೆಯಲ್ಲ ಎಂದು ತಾವು ನೆಮ್ಮದಿಯಿಂದ ಪತ್ರಿಕೆ ಮಡಚಬಹುದು. ಮಡಚಬೇಡಿ. ಮೊಟ್ಟೆ ಸುಮ್ಮನಿರುತ್ತದೆ, ಮರಿ ಸುಮ್ಮನಿರುವುದಿಲ್ಲ. ಒದ್ದೆಯಾಗಿ, ತೂರಾಡುತ್ತಾ ಹೊರಬಂದ ಮರಿಯನ್ನು ಚಮಚದ ಮೇಲೆ ಕೂರಿಸಿ ಅಷ್ಟು ದೂರ ಗಾಳಿಯಲ್ಲಿ ತರುವುದಕ್ಕೆ ಯಾವ ಲತೀಶನಿಂದಲೂ ಆಗದು. ಮೇಜಿನಿಂದ ಬಿದ್ದರೆ ಹೋಯಿತು, ನೀರಿನ ಬಟ್ಟಲಿಗೆ ಬಿದ್ದರೆ ಹೋಯಿತು, ಬಲ್ಬಿಗೆ ತಾಗಿದರೆ ಹೋಯಿತು. ಏನೂ ಆಗದಿದ್ದರೂ ಚಿಪ್ಪಿನಿಂದ ತಂದ ಬುತ್ತಿ ಒಂದೆರಡು ದಿನಕ್ಕೆ ಮುಗಿಯುತ್ತದೆ. ಆಮೇಲೆ ಕಿಟಿಕಿಯ ಸರಳು ಹಿಡಿದು ನಿಂತ ಮಕ್ಕಳು ಏನನ್ನು ನೋಡಬೇಕು? ಹೃದಯ ಹೊಡೆದುಕೊಳ್ಳುವುದನ್ನು ತೋರಿಸಿದ ಶಾಲೆ, ಅದು ನಿಲ್ಲುವುದನ್ನೂ ತೋರಿಸಬೇಕೇ? ಅದು ಯಾವ ತರಗತಿಯ ಪಠ್ಯ?

ನನ್ನ ಸಂಕಟವನ್ನು ಈಗ ಸರಿಯಾಗಿ ನೋಡಿ. ಬೀಗಕ್ಕೆ ನಾನು ಕಲ್ಲು ಹಾಕಿದರೆ ಕೆಲಸ ಹೋಗುವುದು ನನ್ನದಲ್ಲ, ಟೀಚರದ್ದು. ಹಾಕದಿದ್ದರೆ ಹೋಗುವುದು ಹನ್ನೊಂದು ಜೀವ, ಮತ್ತು ನನ್ನ ಮಗಳ ಮನಸ್ಸಿನಲ್ಲಿ ಒಂದು ಜಾಗ. ಬೀಗದ ಕೈ ಅದ್ದಿದ್ದು ತಾನು ಎಂಬುದನ್ನು ಅವಳು ಮರೆತಿಲ್ಲ. ಮಗುಚುವ ಸರದಿ ಯಾರದೇ ಇರಲಿ, ಅವಳು ಅಲ್ಲಿರುತ್ತಾಳೆ. ಭಾನುವಾರವೂ ನನ್ನನ್ನು ಎಳೆದುಕೊಂಡು ಬಂದಿದ್ದಳು. ಟೀಚರು ಅವಳಿಗೆ ಒಂದು ದಿನವೂ ಗದರಿಲ್ಲ. ‘ನೀನು ಮಾಡಿದ್ದು ಪ್ರಯೋಗ ಯಶು, ಲೋಟದಿಂದ ತೆಗಿಲಿಕ್ಕೆ ಮರ್ತದ್ದು ಮಾತ್ರ ತಪ್ಪು’ ಎಂದರಂತೆ. ಈ ಒಂದು ಮಾತು ಗೊತ್ತಿರುವ ಶಿಕ್ಷಕಿಯನ್ನು ಒಂದು ಬೀಗಕ್ಕಾಗಿ ಕಳೆದುಕೊಳ್ಳುವಷ್ಟು ಶ್ರೀಮಂತವೇ ನಮ್ಮ ಇಲಾಖೆ?

ಕೊನೆಯ ದಿನಗಳಲ್ಲಿ ಮೊಟ್ಟೆಗಳನ್ನು ಮಗುಚಬಾರದಂತೆ. ಹಾಗಾಗಿ ದೋಟಿಗಳು ಈಗ ಗೋಡೆಗೆ ಒರಗಿ ನಿಂತಿವೆ, ಮಕ್ಕಳಿಗೆ ಕೆಲಸವಿಲ್ಲ. ಇಂದು ಬುಧವಾರ, ಮಧ್ಯಾಹ್ನದ ಊಟವಾದ ಮೇಲೆ, ನೀರು ಹೊಯ್ಯುವ ಪೈಪಿನ ಈಚೆಯ ತುದಿಯನ್ನು ಯಶಸ್ವಿ ಸುಮ್ಮನೆ ಕಿವಿಗಿಟ್ಟುಕೊಂಡಳು. ಆಚೆಯ ತುದಿ ಪೆಟ್ಟಿಗೆಯಲ್ಲೇ ಇತ್ತು. ಅವಳ ಮುಖ ಬದಲಾಯಿತು. ಪೈಪನ್ನು ಸಮನ್ವಿತಾಳಿಗೆ ಕೊಟ್ಟಳು, ಅವಳು ಲತೀಶನಿಗೆ. ಇಡೀ ಶಾಲೆ ಸದ್ದಿಲ್ಲದೆ ಸಾಲು ನಿಂತಿತು. ಸಾಲು ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಕೊನೆಗೆ ಕಾವಲುಗಾರನ ಸರದಿ ಬಂತು. ಕಿವಿಗಿಟ್ಟೆ. ಮೊದಲು ಪೈಪಿನ ಗಾಳಿಯ ಗುಂಯ್‌ಗುಡುವ ಸದ್ದು. ಆಮೇಲೆ, ಬಹಳ ದೂರದಿಂದ ಎಂಬ ಹಾಗೆ, ಚಿಂವ್. ಸ್ವಲ್ಪ ಬಿಟ್ಟು ಮತ್ತೊಮ್ಮೆ. ಚಿಪ್ಪು ಇನ್ನೂ ಒಡೆದಿಲ್ಲ. ಅದರೊಳಗಿನಿಂದಲೇ.

‘ಅಪ್ಪ, ಅವು ಹೊರಗೆ ಬರ್ಲಿಕ್ಕೆ ಕೇಳುದಲ್ವಾ?’ ಎಂದಳು ಮಗಳು.

‘ಹೌದು.’

‘ಹೊರಗೆ ಬಂದ್ರೆ ಮತ್ತೆ ಇನ್ನೊಂದು ಬೀಗ ಉಂಟು ಅಂತ ಅವುಕ್ಕೆ ಗೊತ್ತುಂಟಾ?’

ಪೈಪನ್ನು ಅವಳ ಕೈಗೆ ಕೊಟ್ಟು ಈ ಪತ್ರ ಬರೆಯಲು ಕೂತೆ.

ಆದುದರಿಂದ, ಮಾನ್ಯ ಅಧಿಕಾರಿಗಳೇ, ನನ್ನ ಬೇಡಿಕೆ. ‘ಬೀಗ ಒಡೆಯಬಹುದು’ ಎಂಬ ಎರಡೇ ಪದ ಬರೆದು ಕಳಿಸಿ. ಟೀಚರಿಗೆ ಕೊಟ್ಟ ನೋಟೀಸನ್ನು ಹಿಂದೆ ಪಡೆಯಿರಿ. ಬಾಗಿಲ ಮೇಲಿನ ಬೋರ್ಡಿನಿಂದ ಆರು ಏಳನ್ನು ಒರೆಸಿ. ಮೂರನ್ನೂ ಒಟ್ಟಿಗೆ ಮಾಡಲು ಕಷ್ಟವಾದರೆ ಮೊದಲನೆಯದನ್ನು ಮೊದಲು ಮಾಡಿ, ಉಳಿದೆರಡನ್ನು ಬಾಗಿಲು ತೆರೆದ ಮೇಲೆ ಕೂತು ಮಾತಾಡೋಣ. ಪತ್ರದ ಮೇಲೆ ನಂಬಿಕೆ ಇಲ್ಲದಿದ್ದರೆ ಸ್ವತಃ ಬನ್ನಿ. ಪೈಪು ಕಿಟಿಕಿಯಲ್ಲೇ ಇದೆ. ಮಕ್ಕಳು ಸಾಲಿನಲ್ಲಿ ತಮಗೆ ಮೊದಲ ಜಾಗ ಬಿಟ್ಟುಕೊಡುತ್ತಾರೆ.

ಬರದಿದ್ದರೆ? ಈ ಪತ್ರ ಗುರುವಾರದ ಪತ್ರಿಕೆಯಲ್ಲಿ ಬರುವಂತೆ ಸಂಪಾದಕರ ಕಾಲು ಹಿಡಿದಿದ್ದೇನೆ. ಕಾರಣವಿದೆ. ಶುಕ್ರವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಆ ಬೀಗ ಒಡೆಯುತ್ತದೆ. ಒಡೆಯುವವನು ನಾನು. ಭವಿತಾ ಟೀಚರು ಆ ಹೊತ್ತಿಗೆ ಹಳೆ ಕಟ್ಟಡದಲ್ಲಿ ಪಾಠ ಮಾಡುತ್ತಿರುತ್ತಾರೆ. ಅವರು ಹೇಳಿ ಮಾಡಿಸಿದ್ದಲ್ಲ. ‘ಬೇಡ ಸರ್’ ಎಂದೇ ಇವತ್ತೂ ಹೇಳಿದ್ದಾರೆ. ನಾನು ಅವರ ಮಾತು ಮೀರಿ, ತಮ್ಮ ಕಾಗದ ಮೀರಿ, ನನ್ನದೇ ಸಹಿ ಮೀರಿ ಇದನ್ನು ಮಾಡುತ್ತೇನೆ ಎಂದು ಈ ಪತ್ರಿಕೆಯ ಎಲ್ಲ ಓದುಗರ ಎದುರು ಮುಂಗಡವಾಗಿ ಒಪ್ಪಿಕೊಳ್ಳುತ್ತಿದ್ದೇನೆ. ಮುಂದೆ ತಮ್ಮ ಕಚೇರಿಗೆ ಬೀಗ ಒಡೆದವರು ಯಾರೆಂಬ ಸಂಶಯ ಬಂದರೆ ಈ ಪುಟವನ್ನು ಕತ್ತರಿಸಿ ಫೈಲಿಗೆ ಹಾಕಿಕೊಳ್ಳಿ. ನೋಟೀಸು ನನ್ನ ಹೆಸರಿಗೆ ಬರಲಿ. ಒಂದೇ ಒಂದು ಪ್ರತಿ ಸಾಕು, ಟೀಚರಿಗೆ ಬೇಡ.

ಕಲ್ಲನ್ನು ಕುರ್ಚಿಯ ಕೆಳಗೆ ಇಟ್ಟುಕೊಂಡಿದ್ದೇನೆ. ಅದನ್ನು ನೋಡಿದ ಯಶಸ್ವಿ, ಎರಡು ಬಟ್ಟೆಯ ಚೀಲ ತಂದು ಪಕ್ಕದಲ್ಲಿ ಇಟ್ಟಿದ್ದಾಳೆ. ಬೀಗ ಒಡೆಯುವಾಗ ಅದರ ಮೇಲೆ ಸುತ್ತಬೇಕಂತೆ. ಸದ್ದಿಗೆ ಮರಿಗಳು ಹೆದರಬಾರದಲ್ಲ.

ಇಂತಿ,
ಶುಕ್ರವಾರ ಬೆಳಗಿನ ಪ್ರಾರ್ಥನೆ ಮುಗಿಯುವವರೆಗೆ ಮಾತ್ರ ತಮ್ಮ ಬೀಗದ ವಿಧೇಯ ಕಾವಲುಗಾರ,
ಅಚ್ಚುತ
ಎಸ್‌ಡಿಎಂಸಿ ಅಧ್ಯಕ್ಷ (ಫೋನು ಬಂದಾಗ ಹೊರಗೆ ಹೋಗಬಾರದೆಂದು ತಡವಾಗಿ ಕಲಿತವನು)